ವನ್ಯಜೀವಿ ಪಥಗಳ ರಕ್ಷಣೆ: ಥಾಣೆ–ನವಿ ಮುಂಬಯಿ ಪ್ರದೇಶದ ಅನುಭವ

2009ರ ಬೇಸಿಗೆಯಲ್ಲಿ ಮಹಾರಾಷ್ಟ್ರದ ಅಂದಿನ ಅಹಮದನಗರ ಜಿಲ್ಲೆಯ ಟಾಕಳಿ ಢೋಕೇಶ್ವರ ಗ್ರಾಮದಲ್ಲಿ ಗಂಡು ಚಿರತೆಯೊಂದು ಬಾವಿಗೆ ಬಿದ್ದಿತು. ಅರಣ್ಯ ಇಲಾಖೆಯವರು ಅದನ್ನು ಮೇಲೆತ್ತಿ ರಕ್ಷಿಸಿದರು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಅವರ ಸಹೋದ್ಯೋಗಿಗಳು, ಪ್ರಾಣಿ ಇರುವ ಸ್ಥಳವನ್ನು ಉಪಗ್ರಹದ ನೆರವಿನಿಂದ ತಿಳಿಸುವ ಪಟ್ಟಿಯೊಂದನ್ನು ಅದರ ಕೊರಳಿಗೆ ತೊಡಿಸಿದರು. ಗುರುತಿಗಾಗಿ ಚರ್ಮದಡಿಯಲ್ಲಿ ಸಣ್ಣದೊಂದು ಚಿಪ್ಪನ್ನೂ ಇರಿಸಿದರು. ಅನಂತರ ಅದನ್ನು ಮಾಳಶೇಜ್ ಘಾಟಿಯ ಕಾಡಿನಲ್ಲಿ ಬಿಡಲಾಯಿತು. ಮರಾಠಿಯಲ್ಲಿ ಅಜ್ಜ ಎಂಬ ಅರ್ಥವುಳ್ಳ ‘ಆಜೋಬಾ’ ಎಂಬ ಹೆಸರನ್ನು ಅದಕ್ಕೆ ಇಡಲಾಗಿತ್ತು.

ಬಿಟ್ಟ ಸ್ಥಳದಲ್ಲಿ ಆಜೋಬಾ ನಿಲ್ಲಲಿಲ್ಲ. ಅದು ಪಶ್ಚಿಮಕ್ಕೆ ನಡೆಯಿತು. ಥಾಣೆ ಜಿಲ್ಲೆಯ ಕಸಾರಾ ರೈಲು ನಿಲ್ದಾಣದ ಬಳಿ ಹಳಿಗಳನ್ನು ದಾಟಿತು. ಮುಂಬಯಿ–ಆಗ್ರಾ ಹೆದ್ದಾರಿಯನ್ನು ದಾಟಿತು. ಹೊಲಗದ್ದೆ, ಹಳ್ಳಿ, ಕೈಗಾರಿಕಾ ಪ್ರದೇಶಗಳ ಅಂಚಿನಲ್ಲಿ ಸಾಗಿ, ವಸಾಯಿ ಖಾಡಿಯನ್ನೂ ದಾಟಿ, ಸುಮಾರು ಒಂದು ತಿಂಗಳಲ್ಲಿ 120 ಕಿಲೋಮೀಟರುಗಳಷ್ಟು ದೂರವನ್ನು ಕ್ರಮಿಸಿ ಮುಂಬಯಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಸಮೀಪಕ್ಕೆ ಬಂದಿತು. ಈ ದೀರ್ಘ ಪಯಣದಲ್ಲಿ ಅದು ಯಾರ ಮೇಲೂ ಎರಗಲಿಲ್ಲ. ಆದರೆ 2011ರ ಡಿಸೆಂಬರಿನಲ್ಲಿ ಮುಂಬಯಿ–ಅಹಮದಾಬಾದ್ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತಿತು. ಚರ್ಮದಡಿಯ ಚಿಪ್ಪಿನಿಂದಲೇ ಅದರ ಗುರುತು ಹತ್ತಿತು.

ಆಜೋಬಾ ಹೊರಟ ಕಾಡೂ ಇಂದಿಗೆ ಉಳಿದಿದೆ, ಅದು ತಲುಪಿದ ಉದ್ಯಾನವೂ ಕಾನೂನಿನ ರಕ್ಷಣೆಯಲ್ಲಿದೆ. ರಕ್ಷಣೆ ಇಲ್ಲದಿದ್ದುದು ಇವೆರಡರ ನಡುವಣ ದಾರಿಗೆ. ಕಾಡುಗಳನ್ನು ಉಳಿಸಿದರೆ ಸಾಲದು, ಕಾಡುಗಳ ನಡುವಣ ಸಂಪರ್ಕವನ್ನೂ ಉಳಿಸಬೇಕು ಎಂಬ ತಿಳಿವಳಿಕೆ ಇಂದು ಅಂತಾರಾಷ್ಟ್ರೀಯ ಒಪ್ಪಂದಗಳಲ್ಲಿ ಸ್ಥಾನ ಪಡೆದಿದೆ. ಅದಕ್ಕಾಗಿ ಹಣವನ್ನು ಒದಗಿಸುವ ವ್ಯವಸ್ಥೆಗಳೂ ರೂಪುಗೊಂಡಿವೆ. ಥಾಣೆ, ಕಲ್ಯಾಣ, ಡೊಂಬಿವಲಿ ಹಾಗೂ ನವಿ ಮುಂಬಯಿಗಳಲ್ಲಿ ನೆಲೆಸಿರುವ ಸಹಸ್ರಾರು ಕನ್ನಡ ಕುಟುಂಬಗಳ ಮನೆಯಂಗಳಕ್ಕೆ ಸಮೀಪದಲ್ಲೇ ನಡೆಯುತ್ತಿರುವ ಈ ವಿದ್ಯಮಾನವನ್ನು ಪರಿಚಯಿಸುವುದು ಈ ಲೇಖನದ ಉದ್ದೇಶ.

ವನ್ಯಜೀವಿ ಪಥವೆಂದರೇನು?

ಒಂದು ನೆಲೆಯಿಂದ ಇನ್ನೊಂದು ನೆಲೆಗೆ ಪ್ರಾಣಿಪಕ್ಷಿಗಳು ಸಂಚರಿಸಲು ಬಳಸುವ ಭೂಭಾಗ, ಜಲಭಾಗ ಅಥವಾ ಆಕಾಶಮಾರ್ಗವನ್ನು ವನ್ಯಜೀವಿ ಪಥ ಅಥವಾ ಕಾರಿಡಾರ್ ಎನ್ನುತ್ತಾರೆ. ಎಲ್ಲ ಪಥಗಳೂ ದಟ್ಟ ಕಾಡಿನ ಪಟ್ಟಿಗಳಾಗಿರಬೇಕೆಂದಿಲ್ಲ. ಕುರುಚಲು ಗುಡ್ಡ, ಹಳ್ಳದ ಎರಡು ದಡಗಳು, ಬೆಳೆ ನಿಂತ ಹೊಲ, ಹೆದ್ದಾರಿಯಡಿಯ ಮೋರಿ, ಇವೆಲ್ಲವೂ ರಾತ್ರಿಯ ಹೊತ್ತು ಒಂದು ಚಿರತೆಗೆ ದಾರಿಯಾಗಬಲ್ಲವು. ದೂರದೂರದಲ್ಲಿರುವ ಕೆರೆಗಳ ಸರಣಿಯೊಂದು ವಲಸೆ ಹಕ್ಕಿಗಳಿಗೆ ತಂಗುದಾಣಗಳ ಸಾಲಾಗಬಲ್ಲದು.

ಇಂತಹ ಪಥಗಳು ಏಕೆ ಬೇಕು? ಕಾರಣಗಳು ಮುಖ್ಯವಾಗಿ ಮೂರು. ಮೊದಲನೆಯದು ಆಹಾರ ಮತ್ತು ನೀರು. ಋತುಮಾನಕ್ಕೆ ತಕ್ಕಂತೆ ಇವು ಸ್ಥಳ ಬದಲಿಸುತ್ತವೆ; ಅವನ್ನು ಅರಸಿ ಪ್ರಾಣಿಗಳೂ ಚಲಿಸುತ್ತವೆ. ಎರಡನೆಯದು ಪ್ರಾಯಕ್ಕೆ ಬಂದ ಮರಿಗಳ ನಿರ್ಗಮನ. ಎಳೆಯ ಗಂಡು ಚಿರತೆ ತಾಯಿಯ ನೆಲೆಯನ್ನು ಬಿಟ್ಟು ತನ್ನದೇ ಆದ ನೆಲೆಯನ್ನು ಹುಡುಕಿಕೊಳ್ಳಬೇಕಾಗುತ್ತದೆ. ದಾರಿ ಮುಚ್ಚಿದ್ದರೆ ಅದು ಜನವಸತಿಯ ನಡುವೆ ಸಿಕ್ಕಿಬೀಳುವ ಸಂಭವ ಹೆಚ್ಚು. ಮೂರನೆಯದು ರಕ್ತಸಂಬಂಧದ ಪ್ರಶ್ನೆ. ದ್ವೀಪದಂತೆ ಪ್ರತ್ಯೇಕಗೊಂಡ ಕಾಡಿನಲ್ಲಿ ಹತ್ತಿರದ ಸಂಬಂಧವುಳ್ಳ ಪ್ರಾಣಿಗಳೇ ಮತ್ತೆ ಮತ್ತೆ ಕೂಡುವುದರಿಂದ ಸಂತತಿ ಕ್ಷೀಣಿಸುತ್ತ ಹೋಗುತ್ತದೆ. ಈ ಹಾನಿ ಕಣ್ಣಿಗೆ ಕಾಣುವ ವೇಳೆಗೆ ಅದನ್ನು ಸರಿಪಡಿಸುವ ಕಾಲ ಮೀರಿರುತ್ತದೆ.

ಮಹಾನಗರದ ಮಗ್ಗುಲಿನ ಕಾಡು

ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ ಸುಮಾರು 103 ಚದರ ಕಿಲೋಮೀಟರು. ಮುಂಬಯಿ ಉಪನಗರ ಹಾಗೂ ಥಾಣೆ ಜಿಲ್ಲೆಗಳಲ್ಲಿ ಹರಡಿರುವ ಈ ಕಾಡಿನ ಪೂರ್ವದ ಅಂಚಿಗೆ ಥಾಣೆ ನಗರ ತಾಗಿಕೊಂಡಿದೆ. 2015ರಲ್ಲಿ ನಡೆದ ಅಧ್ಯಯನದಲ್ಲಿ ಉದ್ಯಾನ ಮತ್ತು ಅದರ ಆಸುಪಾಸಿನಲ್ಲಿ 35 ಚಿರತೆಗಳನ್ನು ಗುರುತಿಸಲಾಯಿತು; 2018ರಲ್ಲಿ ಈ ಸಂಖ್ಯೆ 47 ಆಯಿತು. ಇಷ್ಟು ಕಿರಿದಾದ ಕಾಡಿನಲ್ಲಿ, ಇಷ್ಟೊಂದು ಜನಸಂಖ್ಯೆಯ ನಡುವೆ, ಇಷ್ಟು ಚಿರತೆಗಳು ಬದುಕಿರುವುದು ಪ್ರಪಂಚದಲ್ಲೇ ಅಪರೂಪವಾದ ಸಂಗತಿ.

ಉದ್ಯಾನದ ಉತ್ತರದಲ್ಲಿ, ವಸಾಯಿ ಖಾಡಿಯಾಚೆಗೆ, 2003ರಲ್ಲಿ ಘೋಷಿತವಾದ ತುಂಗಾರೇಶ್ವರ ವನ್ಯಜೀವಿ ಧಾಮವಿದೆ. ಅದರ ವಿಸ್ತೀರ್ಣ ಸುಮಾರು 85 ಚದರ ಕಿಲೋಮೀಟರು. ಅಲ್ಲಿಂದ ಮುಂದೆ ಸಹ್ಯಾದ್ರಿಯ ಕಡೆಗೆ ಕಾಡು ತುಂಡುತುಂಡಾಗಿ ಸಾಗುತ್ತದೆ. ಉದ್ಯಾನದ ಚಿರತೆಗಳಿಗೆ ಹೊರಪ್ರಪಂಚದೊಡನೆ ಉಳಿದಿರುವ ಭೂಸಂಪರ್ಕವೆಂದರೆ ಮುಖ್ಯವಾಗಿ ಇದೇ. ಇದರ ಮಧ್ಯೆ ಚಿಂಚೋಟಿ–ಭಿವಂಡಿ ರಸ್ತೆ ಮತ್ತು ದಿವಾ–ವಸಾಯಿ ರೈಲುಮಾರ್ಗ ಹಾದುಹೋಗಿವೆ. ಪಶ್ಚಿಮಕ್ಕೆ ಮುಂಬಯಿ–ಅಹಮದಾಬಾದ್ ಹೆದ್ದಾರಿ, ದಕ್ಷಿಣಕ್ಕೆ ಥಾಣೆಯ ಘೋಡ್‌ಬಂದರ್ ರಸ್ತೆ ಇವೆ.

2021ರಲ್ಲಿ ಉದ್ಯಾನದ ಆಡಳಿತವು ವನ್ಯಜೀವಿ ಸಂರಕ್ಷಣಾ ಸಂಸ್ಥೆಯೊಂದರ ಸಹಯೋಗದಲ್ಲಿ ಐದು ಚಿರತೆಗಳಿಗೆ ಕೊರಳಪಟ್ಟಿ ತೊಡಿಸಿ ಅವುಗಳ ಸಂಚಾರವನ್ನು ಅಭ್ಯಸಿಸಿತು. ‘ಮಹಾರಾಜ’ ಎಂದು ಹೆಸರಿಸಲಾದ ಗಂಡು ಚಿರತೆಯು ಉದ್ಯಾನ ಮತ್ತು ತುಂಗಾರೇಶ್ವರಗಳ ನಡುವೆ ಓಡಾಡುತ್ತ, ಮೇಲೆ ಹೇಳಿದ ರಸ್ತೆಯನ್ನೂ ರೈಲುಹಳಿಗಳನ್ನೂ ದಾಟುತ್ತಿದ್ದುದು ಈ ಅಧ್ಯಯನದಿಂದ ಖಚಿತವಾಯಿತು. ನಕ್ಷೆಯಲ್ಲಿ ಪಥವೆಂದು ಗುರುತಿಸುವ ಮೊದಲೇ ಅದು ಬಳಕೆಯಲ್ಲಿತ್ತೆಂಬುದಕ್ಕೆ ಇದು ಸಾಕ್ಷಿ.

ಕಲ್ಯಾಣ ಮತ್ತು ಡೊಂಬಿವಲಿಗಳೂ ಈ ಜಾಲದಿಂದ ಹೊರಗಿಲ್ಲ. ಕಲ್ಯಾಣದ ಬಳಿ ಸಮುದ್ರದ ಉಬ್ಬರವಿಳಿತಕ್ಕೆ ಒಳಗಾಗುವ ಉಲ್ಹಾಸ ನದಿಯು ಡೊಂಬಿವಲಿ ಹಾಗೂ ಥಾಣೆಗಳ ಅಂಚಿನಲ್ಲಿ ಹರಿದು ವಸಾಯಿ ಖಾಡಿಯಾಗಿ ಸಮುದ್ರವನ್ನು ಸೇರುತ್ತದೆ. ಅದರ ದಡದ ಕಾಂಡ್ಲಾ ಕಾಡುಗಳು ಥಾಣೆ ಖಾಡಿಯ ಕಾಂಡ್ಲಾ ಕಾಡುಗಳಿಗೆ ಸಮೀಪವರ್ತಿಯಾಗಿವೆ. ಕಲ್ಯಾಣದ ದಕ್ಷಿಣಕ್ಕೆ ಮಲಂಗಗಡ–ಮಾಥೇರಾನ್ ಬೆಟ್ಟಗಳ ಸಾಲಿದೆ. 2022ರ ನವೆಂಬರಿನಲ್ಲಿ ಕಲ್ಯಾಣ ಪೂರ್ವದ ಚಿಂಚಪಾಡ ಭಾಗದ ವಸತಿ ಕಟ್ಟಡವೊಂದಕ್ಕೆ ಚಿರತೆ ನುಗ್ಗಿ ಜನರನ್ನು ಗಾಯಗೊಳಿಸಿದಾಗ ಆತಂಕ ಹಬ್ಬಿದ್ದು ಸಹಜವೇ. ಅರಣ್ಯ ಸಿಬ್ಬಂದಿ ಗಂಟೆಗಟ್ಟಲೆ ಶ್ರಮಿಸಿ ಅದನ್ನು ಸೆರೆಹಿಡಿದರು. ಕಾಡಂಚಿನ ನಗರಗಳು ಬೆಳೆಯುತ್ತಿರುವಾಗ ಪ್ರಾಣಿಗೆ ದಾರಿ ಬಿಡುವುದು ಮನುಷ್ಯನ ಸುರಕ್ಷತೆಯ ಪ್ರಶ್ನೆಯೂ ಹೌದು ಎಂಬುದನ್ನು ಇಂತಹ ಘಟನೆಗಳು ನೆನಪಿಸುತ್ತವೆ.

ಹಕ್ಕಿಗಳ ಪಥ

ಮುಂಬಯಿ ಮತ್ತು ನವಿ ಮುಂಬಯಿಗಳ ನಡುವೆ ಚಾಚಿರುವ ಥಾಣೆ ಖಾಡಿಯಲ್ಲಿ ಬೇರೊಂದು ಬಗೆಯ ಪಥವಿದೆ. ಸಮುದ್ರದ ನೀರು ನೆಲದೊಳಕ್ಕೆ ಚಾಚಿ ಬರುವ ಭಾಗವನ್ನು ಇಲ್ಲಿನವರು ಖಾಡಿ ಎನ್ನುತ್ತಾರೆ. ಇಳಿತದ ವೇಳೆಯಲ್ಲಿ ವಿಶಾಲವಾದ ಕೆಸರು ಬಯಲು ತೆರೆದುಕೊಳ್ಳುತ್ತದೆ. 1990ರ ದಶಕದಿಂದ ಈಚೆಗೆ ಚಳಿಗಾಲದಿಂದ ಮಳೆಗಾಲದ ಆರಂಭದವರೆಗೆ ಇಲ್ಲಿಗೆ ರಾಜಹಂಸಗಳು, ಅಂದರೆ ಫ್ಲೆಮಿಂಗೊ ಹಕ್ಕಿಗಳು, ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದವು. ಕೆಲವು ವರ್ಷಗಳಲ್ಲಿ ಅವುಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ.

ಈ ಹಕ್ಕಿಗಳ ದಿನಚರಿ ಗಡಿಯಾರಕ್ಕಿಂತ ಹೆಚ್ಚಾಗಿ ಉಬ್ಬರವಿಳಿತವನ್ನು ಅನುಸರಿಸುತ್ತದೆ. ಇಳಿತದಲ್ಲಿ ಅವು ಕೆಸರು ಬಯಲಿನಲ್ಲಿ ಮೇಯುತ್ತವೆ. ಉಬ್ಬರ ಬಂದು ಬಯಲು ಮುಳುಗಿದೊಡನೆ ನವಿ ಮುಂಬಯಿಯ ನೇರುಳ್, ಸೀವುಡ್ಸ್ ಭಾಗಗಳ ಆಳವಿಲ್ಲದ ಕೆರೆಗಳಿಗೆ ಹಾರಿ ವಿಶ್ರಮಿಸುತ್ತವೆ. ಕೆಸರು ಬಯಲು ಉಳಿದು ಕೆರೆ ಹೋದರೆ, ಅಥವಾ ಕೆರೆ ಉಳಿದು ಬಯಲು ಹೋದರೆ, ಎರಡೂ ನಿಷ್ಪ್ರಯೋಜಕವಾಗುತ್ತವೆ. ಸಂಪರ್ಕದ ಮಹತ್ವಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ದೊರೆಯಲಾರದು.

ಖಾಡಿಯ ಪಶ್ಚಿಮ ಭಾಗದ 1,690 ಹೆಕ್ಟೇರುಗಳನ್ನು ಮಹಾರಾಷ್ಟ್ರ ಸರ್ಕಾರವು 2015ರ ಆಗಸ್ಟಿನಲ್ಲಿ ಥಾಣೆ ಖಾಡಿ ಫ್ಲೆಮಿಂಗೊ ಧಾಮವೆಂದು ಘೋಷಿಸಿತು. 2021ರಲ್ಲಿ ಅದರ ಸುತ್ತ ಪರಿಸರ ಸೂಕ್ಷ್ಮ ವಲಯವನ್ನು ಅಧಿಸೂಚಿಸಲಾಯಿತು. 2022ರಲ್ಲಿ ಒಟ್ಟು 6,521 ಹೆಕ್ಟೇರುಗಳ ಪ್ರದೇಶವು ಅಂತಾರಾಷ್ಟ್ರೀಯ ಮಹತ್ವದ ತೇವಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಅದೇ 2022ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಇಲ್ಲಿನ ಆರು ಫ್ಲೆಮಿಂಗೊಗಳಿಗೆ ಉಪಗ್ರಹ ಸಾಧನಗಳನ್ನು ಅಳವಡಿಸಿದರು. ಅವುಗಳಲ್ಲಿ ಕೆಲವು ಗುಜರಾತಿಗೆ ಹಾರಿಹೋದದ್ದು ದಾಖಲಾಯಿತು. ನವಿ ಮುಂಬಯಿಯ ಒಂದು ಕೆರೆಯ ಕ್ಷೇಮವು ನೂರಾರು ಕಿಲೋಮೀಟರು ದೂರದ ಮತ್ತೊಂದು ಜಲಾಶಯದ ಕ್ಷೇಮಕ್ಕೆ ಹೇಗೆ ಕೂಡಿಕೊಂಡಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಂತಾರಾಷ್ಟ್ರೀಯ ಒಪ್ಪಂದಗಳು

ಹಕ್ಕಿಗೆ ರಾಷ್ಟ್ರಗಳ ಗಡಿ ತಿಳಿಯದು. ಆದ್ದರಿಂದ ಅದರ ರಕ್ಷಣೆಯೂ ಒಂದೇ ರಾಷ್ಟ್ರದಿಂದ ಆಗುವ ಕೆಲಸವಲ್ಲ. ಈ ಅರಿವಿನಿಂದ ರೂಪುಗೊಂಡ ಒಪ್ಪಂದಗಳಲ್ಲಿ ಮೂರನ್ನು ಇಲ್ಲಿ ಮುಖ್ಯವಾಗಿ ಹೆಸರಿಸಬೇಕು.

ಮೊದಲನೆಯದು 1971ರಲ್ಲಿ ಇರಾನಿನ ರಾಮ್ಸಾರ್ ಪಟ್ಟಣದಲ್ಲಿ ಅಂಗೀಕೃತವಾದ ತೇವಭೂಮಿ ಒಪ್ಪಂದ. ಭಾರತ 1982ರಲ್ಲಿ ಇದನ್ನು ಸೇರಿತು. ಎರಡನೆಯದು ವಲಸೆ ಪ್ರಾಣಿಗಳ ಸಂರಕ್ಷಣೆಗಾಗಿ 1979ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಆದ ಒಪ್ಪಂದ. ಭಾರತ 1983ರಿಂದ ಇದರ ಸದಸ್ಯ ರಾಷ್ಟ್ರ. ಈ ಒಪ್ಪಂದದ ಹದಿಮೂರನೆಯ ಮಹಾಸಭೆ 2020ರ ಫೆಬ್ರವರಿಯಲ್ಲಿ ಗುಜರಾತಿನ ಗಾಂಧಿನಗರದಲ್ಲಿ ನಡೆಯಿತು. ಪರಿಸರ ಸಂಪರ್ಕವೆಂದರೆ ಜೀವಿಗಳ ಅಡೆತಡೆಯಿಲ್ಲದ ಸಂಚಾರ ಮತ್ತು ನಿಸರ್ಗದ ಕ್ರಿಯೆಗಳ ನಿರಂತರ ಹರಿವು ಎಂಬ ಅರ್ಥನಿರೂಪಣೆಯನ್ನು ಆ ಸಭೆ ಅಂಗೀಕರಿಸಿತು. ಮುಂದೆ 2024ರ ಫೆಬ್ರವರಿಯಲ್ಲಿ ಉಜ್ಬೇಕಿಸ್ತಾನದ ಸಮರ್ಕಂದದಲ್ಲಿ ನಡೆದ ಮಹಾಸಭೆಯಲ್ಲಿ ಪ್ರಕಟವಾದ ವರದಿಯ ಪ್ರಕಾರ, ಒಪ್ಪಂದದ ಪಟ್ಟಿಯಲ್ಲಿರುವ ವಲಸೆ ಪ್ರಭೇದಗಳ ಪೈಕಿ ಶೇಕಡ 44ರಷ್ಟು ಇಳಿಮುಖವಾಗಿವೆ. ಶೇಕಡ 22ರಷ್ಟು ಅಳಿವಿನ ಭೀತಿಯಲ್ಲಿವೆ.

ಥಾಣೆ ಖಾಡಿಯು ಮಧ್ಯ ಏಷ್ಯಾದ ವಲಸೆ ಪಥದ ಮೇಲಿದೆ. ಉತ್ತರದಲ್ಲಿ ಸೈಬೀರಿಯದಿಂದ ದಕ್ಷಿಣದಲ್ಲಿ ಹಿಂದೂ ಮಹಾಸಾಗರದವರೆಗೆ ಹರಡಿರುವ ಈ ಪಥ 30 ರಾಷ್ಟ್ರಗಳನ್ನು ಒಳಗೊಳ್ಳುತ್ತದೆ. ಈ ಪಥದ ಹಕ್ಕಿಗಳಿಗಾಗಿ ಭಾರತ ಸರ್ಕಾರ 2018ರಿಂದ 2023ರ ಅವಧಿಗೆ ರಾಷ್ಟ್ರೀಯ ಕ್ರಿಯಾಯೋಜನೆಯೊಂದನ್ನು ರೂಪಿಸಿತ್ತು. ಪಥದ ರಾಷ್ಟ್ರಗಳ ನಡುವೆ ಸಮನ್ವಯ ಸಾಧಿಸುವ ಘಟಕವನ್ನು ಭಾರತದಲ್ಲಿ ಸ್ಥಾಪಿಸಲು ಸಮರ್ಕಂದ ಸಭೆಯಲ್ಲಿ ಸಮ್ಮತಿ ದೊರೆಯಿತು.

ಮೂರನೆಯದು 1992ರ ಜೀವವೈವಿಧ್ಯ ಒಪ್ಪಂದ. ಇದರಡಿಯಲ್ಲಿ 2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಅಂಗೀಕೃತವಾದ ಜಾಗತಿಕ ಚೌಕಟ್ಟು 23 ಗುರಿಗಳನ್ನು ಹಾಕಿಕೊಂಡಿದೆ. 2030ರೊಳಗೆ ಭೂಮಿ, ಒಳನಾಡಿನ ನೀರು ಮತ್ತು ಸಮುದ್ರಗಳ ಶೇಕಡ 30 ಭಾಗವನ್ನು ಸಂರಕ್ಷಿಸಬೇಕೆಂಬುದು ಅವುಗಳಲ್ಲೊಂದು. ಆ ಭಾಗಗಳು ಪರಸ್ಪರ ಚೆನ್ನಾಗಿ ಸಂಪರ್ಕ ಹೊಂದಿರಬೇಕು ಎಂಬ ಮಾತನ್ನೂ ಗುರಿಯಲ್ಲೇ ಸೇರಿಸಲಾಗಿದೆ. ನಗರಗಳ ಹಸಿರು ಮತ್ತು ಜಲಪ್ರದೇಶಗಳ ಸಂಪರ್ಕವನ್ನು ಹೆಚ್ಚಿಸಬೇಕೆಂಬುದು ಪ್ರತ್ಯೇಕವಾದ ಇನ್ನೊಂದು ಗುರಿ.

ಹಣದ ಮೂಲಗಳು

ಒಪ್ಪಂದಗಳಿಗೆ ಸಹಿ ಹಾಕಿದ ಮಾತ್ರಕ್ಕೆ ಹಣ ಹರಿದು ಬರುವುದಿಲ್ಲ. ರಾಮ್ಸಾರ್ ಪಟ್ಟಿಗೆ ಸೇರಿದ ತೇವಭೂಮಿಗೆ ಕೀರ್ತಿಯೂ ಹೊಣೆಯೂ ಬರುತ್ತವೆ. ನಿರ್ವಹಣೆಯ ವೆಚ್ಚವನ್ನು ಬಹುಪಾಲು ಆಯಾ ರಾಷ್ಟ್ರವೇ ಭರಿಸಬೇಕು. ಮಾಂಟ್ರಿಯಲ್ ಚೌಕಟ್ಟಿನ ಪ್ರಕಾರ 2030ರ ವೇಳೆಗೆ ಎಲ್ಲ ಮೂಲಗಳಿಂದ ವರ್ಷಕ್ಕೆ 20,000 ಕೋಟಿ ಡಾಲರುಗಳನ್ನು ಕ್ರೋಡೀಕರಿಸಬೇಕಾಗಿದೆ. ಇದರಲ್ಲಿ ಮುಂದುವರಿದ ರಾಷ್ಟ್ರಗಳಿಂದ ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ಬರಬೇಕಾದ ಮೊತ್ತ 2025ರ ವೇಳೆಗೆ ವರ್ಷಕ್ಕೆ 2,000 ಕೋಟಿ ಡಾಲರು, 2030ರ ವೇಳೆಗೆ 3,000 ಕೋಟಿ ಡಾಲರು. ಈ ಹಣವನ್ನು ತಲುಪಿಸುವ ಮುಖ್ಯ ವಾಹಿನಿ 1991ರಲ್ಲಿ ಆರಂಭವಾದ, ಜಿ.ಇ.ಎಫ್. ಎಂದು ಪ್ರಸಿದ್ಧವಾದ ಜಾಗತಿಕ ಪರಿಸರ ಸೌಲಭ್ಯ. ಮಾಂಟ್ರಿಯಲ್ ಗುರಿಗಳಿಗಾಗಿಯೇ ಮೀಸಲಾದ ನಿಧಿಯೊಂದನ್ನು ಅದು 2023ರ ಆಗಸ್ಟಿನಲ್ಲಿ ಸ್ಥಾಪಿಸಿತು.

ಹೊರಗಿನಿಂದ ಬರುವ ಹಣವನ್ನು ಅರ್ಥಮಾಡಿಕೊಳ್ಳುವಾಗ ಒಂದು ವ್ಯತ್ಯಾಸವನ್ನು ಗಮನದಲ್ಲಿಡುವುದು ಅವಶ್ಯ. ಕೆಲವು ಹಣ ಅನುದಾನ, ಅದನ್ನು ಹಿಂದಿರುಗಿಸಬೇಕಾಗಿಲ್ಲ. ಕೆಲವು ಹಣ ಸಾಲ. ಅದನ್ನು ಬಡ್ಡಿಸಹಿತ ತೀರಿಸಬೇಕು. ಅನುದಾನಗಳು ಸಾಮಾನ್ಯವಾಗಿ ಸಂಶೋಧನೆ, ತರಬೇತಿ, ಜನಜಾಗೃತಿಗಳಿಗೆ ದೊರೆಯುತ್ತವೆ. ಚಿರತೆಗಳಿಗೆ ಕೊರಳಪಟ್ಟಿ ತೊಡಿಸಿ ನಡೆಸಿದ, ಆಜೋಬಾ ಕಥೆಗೆ ಕಾರಣವಾದ ಅಧ್ಯಯನದಲ್ಲಿ ನಾರ್ವೆಯ ವಿಜ್ಞಾನಿಗಳ ಸಹಯೋಗವಿತ್ತು. ನವಿ ಮುಂಬಯಿಯ ಐರೋಳಿಯಲ್ಲಿರುವ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರವು, ಮಹಾರಾಷ್ಟ್ರ ಅರಣ್ಯ ಇಲಾಖೆಯ ಕಾಂಡ್ಲಾ ಘಟಕ ಮತ್ತು ಭಾರತ–ಜರ್ಮನಿ ಜೀವವೈವಿಧ್ಯ ಸಹಕಾರ ಕಾರ್ಯಕ್ರಮದ ಫಲ. ಸಾರ್ವಜನಿಕರು ಅಲ್ಲಿಂದ ದೋಣಿಯಲ್ಲಿ ತೆರಳಿ ಫ್ಲೆಮಿಂಗೊಗಳನ್ನು ವೀಕ್ಷಿಸಬಹುದು.

ಇಂತಹ ನೆರವುಗಳ ಮೊತ್ತ ದೊಡ್ಡದಲ್ಲ. ಆದರೆ ಪ್ರಾಣಿ ಎಲ್ಲಿ ದಾಟುತ್ತದೆ, ಹಕ್ಕಿ ಎಲ್ಲಿ ಇಳಿಯುತ್ತದೆ ಎಂಬ ಮಾಹಿತಿ ಇವುಗಳಿಂದ ದೊರೆಯುತ್ತದೆ. ಆ ಮಾಹಿತಿ ಇಲ್ಲದೆ ಯಾವ ಎಂಜಿನಿಯರನೂ ಸರಿಯಾದ ಜಾಗದಲ್ಲಿ ಕೆಳಸೇತುವೆ ಕಟ್ಟಲಾರ.

ಸಾಲದ ಜೊತೆಗೆ ಬರುವ ಷರತ್ತುಗಳು

ಥಾಣೆ–ನವಿ ಮುಂಬಯಿ ಪ್ರದೇಶದಲ್ಲಿ ವನ್ಯಜೀವಿ ಪಥಗಳ ಭವಿಷ್ಯವನ್ನು ನಿರ್ಧರಿಸುವ ದೊಡ್ಡ ಹಣ ಸಂರಕ್ಷಣೆಯ ಹೆಸರಿನಲ್ಲಿ ಬರುವುದಿಲ್ಲ. ಅದು ಸೇತುವೆ, ಹೆದ್ದಾರಿ, ರೈಲುಮಾರ್ಗಗಳ ಹೆಸರಿನಲ್ಲಿ ಬರುತ್ತದೆ. ಜೈಕಾ ಎಂಬ ಸಂಕ್ಷಿಪ್ತ ಹೆಸರಿನ ಜಪಾನ್ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯು ಈ ಭಾಗದ ಮೂರು ಬೃಹತ್ ಯೋಜನೆಗಳಿಗೆ ಸಾಲ ನೀಡಿದೆ. ಈ ಸಂಸ್ಥೆಯ ಸಾಲ ಪಡೆಯುವ ಯೋಜನೆಗಳು ಪರಿಸರ ಮತ್ತು ಸಾಮಾಜಿಕ ಪರಿಣಾಮಗಳ ಪರಿಶೀಲನೆಗೆ ಒಳಪಡಬೇಕೆಂಬುದು ನಿಯಮ.

ಮೊದಲನೆಯದು ಮುಂಬಯಿಯ ಶಿವಡಿಯನ್ನು ನವಿ ಮುಂಬಯಿ ಕಡೆಯ ನ್ಹಾವಾ ಶೇವಾಕ್ಕೆ ಜೋಡಿಸುವ ಅಟಲ್ ಸೇತು. 2024ರ ಜನವರಿ 12ರಂದು ಉದ್ಘಾಟನೆಯಾದ ಈ ಸೇತುವೆಯ ಉದ್ದ ಸುಮಾರು 21.8 ಕಿಲೋಮೀಟರು, ಅದರಲ್ಲಿ ಸುಮಾರು 16.5 ಕಿಲೋಮೀಟರು ಸಮುದ್ರದ ಮೇಲಿದೆ. ಅದು ಹೊರಡುವ ಸ್ಥಳವೇ ಶಿವಡಿಯ ಕೆಸರು ಬಯಲು. ಫ್ಲೆಮಿಂಗೊಗಳಿಗೆ ತೊಂದರೆಯಾಗದಂತೆ ಈ ಭಾಗದಲ್ಲಿ ಶಬ್ದವನ್ನು ತಡೆಯುವ ಗೋಡೆಗಳನ್ನು ಅಳವಡಿಸಲಾಯಿತು.

ಎರಡನೆಯದು ಮುಂಬಯಿ–ಅಹಮದಾಬಾದ್ ಅತಿವೇಗದ ರೈಲುಮಾರ್ಗ. ಯೋಜನೆ ಮಂಜೂರಾದಾಗ ಅದರ ವೆಚ್ಚದ ಶೇಕಡ 81ರಷ್ಟನ್ನು ಶೇಕಡ 0.1ರ ಬಡ್ಡಿಯಲ್ಲಿ, 50 ವರ್ಷಗಳ ಅವಧಿಯ ಸಾಲವಾಗಿ ನೀಡಲು ಜಪಾನ್ ಒಪ್ಪಿತ್ತು. ಬಾಂದ್ರಾ–ಕುರ್ಲಾ ಸಂಕೀರ್ಣದಿಂದ ಡೊಂಬಿವಲಿಗೆ ಸಮೀಪದ ಶಿಳಫಾಟಾದವರೆಗೆ 21 ಕಿಲೋಮೀಟರು ಉದ್ದದ ಸುರಂಗವನ್ನು ಇದಕ್ಕಾಗಿ ಯೋಜಿಸಲಾಯಿತು. ಅದರ 7 ಕಿಲೋಮೀಟರು ಥಾಣೆ ಖಾಡಿಯ ತಳದಡಿಯಲ್ಲಿ ಸಾಗುತ್ತದೆ. ಖಾಡಿಯ ಮೇಲೆ ಸೇತುವೆ ಕಟ್ಟದೆ ಅಡಿಯಲ್ಲಿ ಸಾಗುವ ಈ ನಿರ್ಧಾರಕ್ಕೆ ಫ್ಲೆಮಿಂಗೊ ಧಾಮ ಮತ್ತು ಕಾಂಡ್ಲಾ ಕಾಡುಗಳ ರಕ್ಷಣೆ ಒಂದು ಮುಖ್ಯ ಕಾರಣ. ಘಣಸೋಲಿ ಮತ್ತು ಶಿಳಫಾಟಾ ನಡುವಣ 4.88 ಕಿಲೋಮೀಟರುಗಳ ಸುರಂಗ ಭಾಗವನ್ನು ಕೊರೆಯುವ ಕೆಲಸ 2025ರ ಸೆಪ್ಟೆಂಬರಿನಲ್ಲಿ ಪೂರ್ಣಗೊಂಡಿತು. ಈ ಯೋಜನೆಗಾಗಿ ಮೊದಲು 53,000ಕ್ಕೂ ಹೆಚ್ಚು ಕಾಂಡ್ಲಾ ಗಿಡಗಳನ್ನು ಕಡಿಯಬೇಕಾಗುವುದೆಂದು ಅಂದಾಜಾಗಿತ್ತು. ಥಾಣೆ ನಿಲ್ದಾಣದ ವಿನ್ಯಾಸವನ್ನು ಬದಲಾಯಿಸಿದ್ದೇ ಮೊದಲಾದ ಕ್ರಮಗಳಿಂದ ಅದು ಬಹಳಷ್ಟು ತಗ್ಗಿತು. ಸುಮಾರು 20,000 ಗಿಡಗಳನ್ನು ಕಡಿಯಲು ಮುಂಬಯಿ ಉಚ್ಚ ನ್ಯಾಯಾಲಯ 2022ರ ಡಿಸೆಂಬರಿನಲ್ಲಿ ಅನುಮತಿ ನೀಡಿತು. ಸಾರ್ವಜನಿಕ ಯೋಜನೆಗಾದರೂ ಕಾಂಡ್ಲಾ ಕಡಿಯಬೇಕಾದರೆ ನ್ಯಾಯಾಲಯದ ಒಪ್ಪಿಗೆ ಬೇಕೆಂಬ ವ್ಯವಸ್ಥೆ 2018ರ ತೀರ್ಪಿನ ಫಲ.

ಮೂರನೆಯದು ಜವಾಹರಲಾಲ್ ನೆಹರೂ ಬಂದರಿನಿಂದ ಉತ್ತರ ಪ್ರದೇಶದ ದಾದ್ರಿಯವರೆಗಿನ ಸರಕು ಸಾಗಣೆಯ ಪಶ್ಚಿಮ ರೈಲುಮಾರ್ಗ. ಡೊಂಬಿವಲಿ ಬಳಿಯ ದಿವಾ–ಕೋಪರ್ ಪ್ರದೇಶದಿಂದ ವಸಾಯಿಯ ಕಡೆಗೆ ಸಾಗುವ ಈ ಮಾರ್ಗ, ಸಂಜಯ ಗಾಂಧಿ ಉದ್ಯಾನ ಮತ್ತು ತುಂಗಾರೇಶ್ವರಗಳ ನಡುವಣ ಭೂಭಾಗವನ್ನೇ ಹಾದುಹೋಗುತ್ತದೆ. ಒಂದು ರೈಲುಮಾರ್ಗವನ್ನು ದಾಟಬಲ್ಲ ಪ್ರಾಣಿಗೆ ಅದರ ಪಕ್ಕದಲ್ಲಿ ಮತ್ತೊಂದು, ಅದರಾಚೆ ರಸ್ತೆ, ಅದರಾಚೆ ಗೋಡೆ ಎದುರಾದರೆ ದಾಟುವ ಸಾಧ್ಯತೆ ಕುಗ್ಗುತ್ತ ಹೋಗುತ್ತದೆ. ಪ್ರತಿಯೊಂದು ಯೋಜನೆಯ ಪರಿಣಾಮವನ್ನು ಬೇರೆಬೇರೆಯಾಗಿ ಅಳೆದರೆ ಸಾಲದು, ಎಲ್ಲವನ್ನೂ ಒಟ್ಟಾಗಿ ಅಳೆಯಬೇಕು ಎಂದು ತಜ್ಞರು ಹೇಳುವುದು ಇದಕ್ಕಾಗಿಯೇ.

ಈ ನಿದರ್ಶನಗಳಿಂದ ಒಂದು ಅಂಶ ಸ್ಪಷ್ಟವಾಗುತ್ತದೆ. ನಕ್ಷೆ ಇನ್ನೂ ಕಾಗದದ ಮೇಲಿರುವಾಗಲೇ ಪ್ರಾಣಿಗಳ ದಾರಿಯನ್ನು ಪರಿಗಣಿಸಿದರೆ ತಗಲುವ ವೆಚ್ಚ, ಒಟ್ಟು ವೆಚ್ಚದ ಅಲ್ಪಭಾಗ ಮಾತ್ರ. ಕಾಂಕ್ರೀಟು ಗಟ್ಟಿಯಾದ ಮೇಲೆ ಅದೇ ಕೆಲಸ ದುಬಾರಿ. ಎಷ್ಟೋ ವೇಳೆ ಅಸಾಧ್ಯ. ಸಾಲವನ್ನು ತೀರಿಸುವವರು ಅಂತಿಮವಾಗಿ ಈ ದೇಶದ ತೆರಿಗೆದಾರರು. ಆದ್ದರಿಂದ ಸೇತುವೆಯ ಜೊತೆಗೆ ಕೆಳಸೇತುವೆಯೂ ಆ ಸಾಲದಲ್ಲೇ ಸೇರಿರಬೇಕೆಂದು ಕೇಳುವ ಹಕ್ಕು ಅವರಿಗಿದೆ.

ಕರ್ನಾಟಕದ ಎರಡು ನಿದರ್ಶನಗಳು

ಕನ್ನಡ ಓದುಗರಿಗೆ ಹೆಚ್ಚು ಪರಿಚಿತವಾದ ಪಥಗಳು ಆನೆಗಳವು. ಕೊಳ್ಳೇಗಾಲ ಭಾಗದ ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಪಥದಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆಯು ಪ್ರಾಣಿ ಕಲ್ಯಾಣಕ್ಕಾಗಿ ಶ್ರಮಿಸುವ ಅಂತಾರಾಷ್ಟ್ರೀಯ ನಿಧಿಯೊಂದರ ನೆರವಿನಿಂದ ಸುಮಾರು 25 ಎಕರೆ ಜಮೀನನ್ನು ಕೊಂಡು ಕರ್ನಾಟಕ ಅರಣ್ಯ ಇಲಾಖೆಗೆ ಒಪ್ಪಿಸಿತು. ಇದು ದಾರಿಯನ್ನು ಹಣ ಕೊಟ್ಟು ಉಳಿಸಿದ ನಿದರ್ಶನ.

ಎರಡನೆಯ ನಿದರ್ಶನದಲ್ಲಿ ಹೊರಗಿನ ಹಣವೇ ಬೇಕಾಗಲಿಲ್ಲ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿರ್ಬಂಧಿಸಲಾಯಿತು. ಹಗಲು ಮನುಷ್ಯನಿಗೆ, ಇರುಳು ಪ್ರಾಣಿಗೆ ಎಂಬ ಹಂಚಿಕೆ ಅದು. ಥಾಣೆಯಂತಹ ಮಹಾನಗರದ ರಸ್ತೆಗಳನ್ನು ರಾತ್ರಿ ಮುಚ್ಚುವುದು ಸಾಧ್ಯವಿಲ್ಲ. ಇಲ್ಲಿ ಮೇಲ್ಸೇತುವೆ, ಕೆಳಸೇತುವೆ, ವೇಗ ನಿಯಂತ್ರಣಗಳೇ ಉಪಾಯ. ಆಯಾ ಸ್ಥಳಕ್ಕೆ ತಕ್ಕ ಪರಿಹಾರವನ್ನು ಆಯ್ದುಕೊಳ್ಳಬೇಕೆಂಬುದನ್ನು ಈ ಎರಡು ನಿದರ್ಶನಗಳು ತೋರಿಸುತ್ತವೆ.

ಕಾನೂನಿನ ಆಸರೆ ಮತ್ತು ಸ್ಥಳೀಯ ಹೊಣೆ

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯು ‘ಸಂರಕ್ಷಣಾ ಮೀಸಲು’ ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ರಾಷ್ಟ್ರೀಯ ಉದ್ಯಾನ ಮತ್ತು ಧಾಮಗಳಿಗೆ ಹೊಂದಿಕೊಂಡ ಅಥವಾ ಅವುಗಳನ್ನು ಪರಸ್ಪರ ಜೋಡಿಸುವ ಸರ್ಕಾರಿ ಜಮೀನನ್ನು, ಸ್ಥಳೀಯ ಜನರೊಡನೆ ಸಮಾಲೋಚಿಸಿ, ರಾಜ್ಯ ಸರ್ಕಾರ ಹೀಗೆ ಘೋಷಿಸಬಹುದು.

ಈ ಕಲಮಿನ ಉಪಯೋಗ ನವಿ ಮುಂಬಯಿಯಲ್ಲಿ ಕಂಡುಬಂದಿದೆ. 2024ರ ಬೇಸಿಗೆಯಲ್ಲಿ ಸೀವುಡ್ಸ್ ಭಾಗದಲ್ಲಿ ಹಲವು ಫ್ಲೆಮಿಂಗೊಗಳು ಸತ್ತವು. ಅಲ್ಲಿನ ಕೆರೆಗೆ ಉಬ್ಬರದ ನೀರು ಬರುವ ದ್ವಾರಗಳು ಮುಚ್ಚಿಹೋಗಿ ಕೆರೆ ಒಣಗುತ್ತಿರುವುದರತ್ತ ನಾಗರಿಕರು ಸರ್ಕಾರದ ಗಮನ ಸೆಳೆದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಮುಂಬಯಿಯ ಘಾಟಕೋಪರ್ ಬಳಿ ವಿಮಾನಕ್ಕೆ ಡಿಕ್ಕಿ ಹೊಡೆದು 39 ಫ್ಲೆಮಿಂಗೊಗಳು ಮಡಿದವು. ಹಕ್ಕಿಗಳು ಪರಿಚಿತ ತಂಗುದಾಣವನ್ನು ಕಳೆದುಕೊಂಡರೆ ಏನಾಗಬಹುದೆಂಬ ಚರ್ಚೆಗೆ ಇದು ಎಡೆಮಾಡಿತು. ಸುಮಾರು 30 ಎಕರೆಗಳ ಈ ಕೆರೆಯನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವಕ್ಕೆ 2025ರಲ್ಲಿ ರಾಜ್ಯಮಟ್ಟದಲ್ಲಿ ಒಪ್ಪಿಗೆ ದೊರೆಯಿತು.

ಗಮನಿಸಬೇಕಾದ ವಿಷಯವೆಂದರೆ, 30 ರಾಷ್ಟ್ರಗಳ ವಲಸೆ ಪಥದ ಒಂದು ಕೊಂಡಿ ಇಲ್ಲಿ ಕೆಲವು ನೀರಿನ ದ್ವಾರಗಳನ್ನು ತೆರೆದಿಡುವುದರ ಮೇಲೆ ನಿಂತಿತ್ತು. ಬಾನ್, ಮಾಂಟ್ರಿಯಲ್, ಸಮರ್ಕಂದಗಳಲ್ಲಿ ಕೈಗೊಂಡ ನಿರ್ಣಯಗಳು ಕೊನೆಗೆ ಕಾರ್ಯಗತವಾಗಬೇಕಾದುದು ಇಂತಹ ಸಣ್ಣ ಸ್ಥಳಗಳಲ್ಲಿಯೇ. ಅಲ್ಲಿ ಬೇಕಾಗುವುದು ಹಣಕ್ಕಿಂತ ಹೆಚ್ಚಾಗಿ ಎಚ್ಚರ.

ನಾಗರಿಕರು ಮಾಡಬಹುದಾದುದು

ಈ ಪ್ರದೇಶದ ನಿವಾಸಿಗಳು ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು. ಕಾಡಂಚಿನ ಬಡಾವಣೆಗಳಲ್ಲಿ ಕಸವನ್ನು ಬಯಲಿನಲ್ಲಿ ಬಿಸಾಡಬಾರದು. ಕಸಕ್ಕೆ ಬೀದಿನಾಯಿಗಳು ಸೇರುತ್ತವೆ; ನಾಯಿಗಳನ್ನು ಅರಸಿ ಚಿರತೆ ಬರುತ್ತದೆ. ಮುಸ್ಸಂಜೆಯ ನಂತರ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬಾರದು. ಚಿರತೆ ಕಂಡಾಗ ಗುಂಪುಗೂಡಿ ಅದನ್ನು ಸುತ್ತುವರಿಯದೆ, ಅದು ಹೋಗಲು ದಾರಿ ಬಿಟ್ಟು, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಂಖ್ಯೆಯ ಸಹಾಯವಾಣಿಗೆ ತಿಳಿಸಬೇಕು. ಘೋಡ್‌ಬಂದರ್ ರಸ್ತೆ ಮತ್ತು ಅಹಮದಾಬಾದ್ ಹೆದ್ದಾರಿಯ ಕಾಡುಭಾಗಗಳಲ್ಲಿ ರಾತ್ರಿ ವೇಳೆ ವಾಹನದ ವೇಗವನ್ನು ತಗ್ಗಿಸಬೇಕು. ಖಾಡಿಯ ದಡದಲ್ಲಿ ಕಟ್ಟಡದ ಅವಶೇಷಗಳನ್ನು ಸುರಿಯುವುದು ಕಂಡುಬಂದರೆ ನಗರಪಾಲಿಕೆಗೆ ದೂರು ನೀಡಬೇಕು. ದೊಡ್ಡ ಯೋಜನೆಗಳ ಕುರಿತು ನಡೆಯುವ ಸಾರ್ವಜನಿಕ ವಿಚಾರಣೆಗಳಲ್ಲಿ ಭಾಗವಹಿಸಿ, ಪ್ರಾಣಿಗಳ ದಾರಿಗೆ ಯಾವ ಏರ್ಪಾಡು ಮಾಡಲಾಗಿದೆ ಎಂದು ಕೇಳಬೇಕು.

ಅರಣ್ಯ, ಕೆರೆ, ನದಿ ಹಾಗೂ ವನ್ಯಜೀವಿಗಳನ್ನು ರಕ್ಷಿಸುವುದು ಮತ್ತು ಜೀವಿಗಳಲ್ಲಿ ದಯೆ ತೋರುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂದು ನಮ್ಮ ಸಂವಿಧಾನದ 51-ಎ ಅನುಚ್ಛೇದ ಸಾರುತ್ತದೆ. ನಾವು ಪ್ರತಿದಿನ ಕಲ್ಯಾಣದಿಂದ, ಡೊಂಬಿವಲಿಯಿಂದ, ಥಾಣೆಯಿಂದ ದುಡಿಮೆಗಾಗಿ ದೂರದ ದಾರಿ ಸವೆಸುತ್ತೇವೆ. ಆ ದಾರಿ ಒಂದು ದಿನ ಮುಚ್ಚಿದರೂ ಬದುಕು ಎಷ್ಟು ಕಷ್ಟವಾಗುವುದೆಂಬುದನ್ನು ಬಲ್ಲ ನಮಗೆ, ಚಿರತೆ ಮತ್ತು ರಾಜಹಂಸಗಳ ದಾರಿಯನ್ನು ತೆರೆದಿಡಬೇಕಾದ ಅಗತ್ಯವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.